ನಂಗ ರಿಮೇಕ್ ಸೇರೂದಿಲ್ಲ

(ವಿಜಯಪುರದ ಗಾಂಧಿ ಚೌಕ, ಚಹಾದಂಗಡಿ. ದ್ರಾಕ್ಷಿಗೆ ಹೊಡೆಯೋ ಔಷಧ ಒಯ್ಯಾಕ ಬಂದ ತಿಕೋಟಾದ ಕಾಕಾ. ಬಬಲೇಶ್ವರದ ಕಾಲೇಜು ಹುಡುಗ.)

ಹುಡುಗ: ಕಾಕಾ, ‘ಮನಸು ಮಲ್ಲಿಗೆ’ ಹೆಂಗಿತ್ರಿ?

ಕಾಕಾ: ದಂಡ! ಮರಾಠಿ ‘ಸೈರಾಟ್’ ಮುಂದ ಅದೇನ್ ಪಿಕ್ಚರೋ?

ಹುಡುಗ: ಪೂರಾ ನೋಡೀರೇನ್ರಿ?

ಕಾಕಾ: ಇಂಟರ್ವಲ್ ತನಕ. ಪೂರಾ ನೋಡಿದ್ರ ಬೈಯಾಕ ಧೈರ್ಯ ಬರೂದಿಲ್ಲೋ ತಮ್ಮಾ.

ಹುಡುಗ: ಹೀರೋಯಿನ್ ಅಕೀನ ರಿಂಕು ರಾಜಗುರು, ಅವ ಅಜಯ್-ಅತುಲ್ ಧಾಟಿ. ಎಸ್. ನಾರಾಯಣ್ ಭಾಷಾ ಅಷ್ಟ ಬದಲ್ ಮಾಡ್ಯಾರ.

ಕಾಕಾ: ಎಡವಟ್ಟಾಗಿದ್ದ ಅಲ್ಲಿ! 2016ರಾಗ ಸೋಲಾಪುರಕ್ಕ ಹೋಗಿ ಮರಾಠ್ಯಾಗ ನೋಡಿದೆ. ಅರ್ಧಾ ತಿಳೀಲಿಲ್ಲ, ಪೂರಾ ಅತ್ತೆ. 2017ರಾಗ ಕನ್ನಡದಾಗ ಬಂತು. ಎಲ್ಲಾ ತಿಳದ ಮ್ಯಾಲ ಅಳೂದು ಹೆಂಗ?

ಹುಡುಗ: ‘ಝಿಂಗಾಟ್’ ಹಾಡು?

ಕಾಕಾ: ಅದು ನಮ್ಮದ! ನಮ್ಮೂರ ಮದವಿ ಮೆರವಣಗ್ಯಾಗ ಡಿಜೆದಂವ ಕನ್ನಡದ್ದು ಹಚ್ಚಿದ್ರ ಮದುಮಗನ ದೋಸ್ತರು ಕುಂತ ಬಿಡ್ತಾರ. ಮರಾಠಿದ ಆಗಬೇಕು.

ಹುಡುಗ: 2018ರ ಹಿಂದಿ ರಿಮೇಕ್ ‘ಧಡಕ್’?

ಕಾಕಾ: ಉದಯಪುರದ ಥಳಕು! ಜಾತಿ ಮಾತು ಬಂದಲ್ಲೆ ಮೆತ್ತಗ ಜಾರ್ಯಾರಂತ ವಿಮರ್ಶಕರು ಬೈದ್ರು, ನಾನೂ ಬೈದೆ. ‘ಸೈರಾಟ್’ದಾಗ ಡೈರೆಕ್ಟರ್ ನಾಗರಾಜ ಮಂಜುಳೆ ಎದಿ ತಟ್ಟಿ ಹೇಳಿದ್ದ ಅದನೋ! ಪಾಟೀಲರ ಮಗಳು, ಮೀನಾ ಹಿಡಿಯಾವನ ಮಗ. ಅದನ್ನ ಬಿಟ್ರ ಉಳಿಯೂದೇನು?

ಹುಡುಗ: ಖರೇ ಐತ್ರಿ. ನಾಳೆ ನಿಮ್ಮ ಮಗಳು ಅಂಥವನ್ನ ಮೆಚ್ಚಿದ್ರ?

ಕಾಕಾ: (ಬಸಿ ಕುಕ್ಕಿ) ಮೊದಲ ಹೇಳೇನಲ್ಲೋ, ನಂಗ ರಿಮೇಕ್ ಸೇರೂದಿಲ್ಲಂತ!