ಉಗಿಬಂಡಿಯ ದೊರೆ

ಇಂಗ್ಲೆಂಡಿನಲ್ಲಿ ಇಂಥವರೊಬ್ಬರು ಯಾವ ಊರಿಗೆ ಹೋದರೂ ಸಿಗುತ್ತಾರೆ. ವಯಸ್ಸು ಅರವತ್ತು ದಾಟಿದೆ, ಅಂಗಿಯ ತೋಳಿಗೆ ಎಣ್ಣೆ ಮೆತ್ತಿದೆ, ಒಂದು ಹುಬ್ಬು ಇನ್ನೊಂದಕ್ಕಿಂತ ತೆಳ್ಳಗಿದೆ. ಅದು ವಯಸ್ಸಿನ ಕೆಲಸವಲ್ಲ, ಪುಟ್ಟ ಉಗಿ ಎಂಜಿನ್ನು ಕಾಯಿಸುವ ಸ್ಪಿರಿಟ್ ದೀಪದ್ದು.

ಆಟದ ರೈಲು ಇಟ್ಟುಕೊಂಡಿದ್ದೀರಂತೆ ಎಂದು ಇವರನ್ನು ಕೇಳಿ ಕೆಡಬೇಡಿ. ಅದು ಸಂಗ್ರಹ! ಕಪಾಟಿನ ಮೇಲಂತಸ್ತಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಹಿತ್ತಾಳೆ ಎಂಜಿನ್ನುಗಳಿವೆ. ಹಳಿಯ ಹಂಗಿಲ್ಲದೆ ನೆಲದ ಮೇಲೇ ಓಡುವ ಜಾತಿ. ಮುಂದಿನ ಚಕ್ರ ತುಸು ಓರೆ ಮಾಡಿಟ್ಟರೆ ಕೋಣೆಯೊಳಗೇ ಪ್ರದಕ್ಷಿಣೆ ಹಾಕುತ್ತವೆ, ಹೋದಲ್ಲೆಲ್ಲ ನೀರು ಸೋರಿಸುತ್ತವೆ. ಅದಕ್ಕೇ ಇವಕ್ಕೆ 'ಡ್ರಿಬ್ಲರ್' ಎಂಬ ಅಡ್ಡಹೆಸರು. ಕೆಲವು ರತ್ನಗಂಬಳಿಗಳ ಪಾಲಿಗೆ ಸೋರಿದ್ದು ಬರೀ ನೀರಾಗಿರಲಿಲ್ಲ, ಉರಿಯುವ ಸ್ಪಿರಿಟ್ಟೂ ಆಗಿತ್ತು.

ಕೆಳಗಿನ ಅಂತಸ್ತು ಬ್ಯಾಸೆಟ್-ಲೋಕ್ ಕಂಪನಿಯದು. 1899ರಲ್ಲಿ ನಾರ್ಥಾಂಪ್ಟನ್‌ನಲ್ಲಿ ಶುರುವಾದ ಈ ಕಂಪನಿಯ ಹೆಸರು ಬಂದರೆ ನಮ್ಮ ಉಗಿಬಂಡಿಯ ದೊರೆಯ ಎದೆ ಉಬ್ಬುತ್ತದೆ. ಅದರ ಮೊದಮೊದಲ ಎಂಜಿನ್ನುಗಳಲ್ಲಿ ಹಲವು ತಯಾರಾದದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, ಬಿಂಗ್ ಕಾರ್ಖಾನೆಯಲ್ಲಿ. ಇದು ಅವರಿಗೆ ಚೆನ್ನಾಗಿಯೇ ಗೊತ್ತು. ಆದರೆ ಆ ಮಾತು ಬಂದ ಹೊತ್ತಿಗೇ ಅವರಿಗೆ ಚಹಾದ ನೆನಪಾಗುತ್ತದೆ.

ದೊರೆಯ ನಿಜವಾದ ಸಂಕಟ ಬೇರೆಯೇ. ಹಳೆಯ ಎಂಜಿನ್ನಿನ ಬೆಲೆಯೆಲ್ಲ ಅದರ ಮೂಲ ಬಣ್ಣದಲ್ಲಿದೆ. ಬೆಂಕಿ ಹಚ್ಚಿದರೆ ಬಣ್ಣ ಗುಳ್ಳೆ ಏಳುತ್ತದೆ, ಹೊಸದಾಗಿ ಬಳಿದರೆ ಹರಾಜಿನವರು ಮೂಗು ಮುರಿಯುತ್ತಾರೆ. ಹಾಗಾಗಿ ಒಮ್ಮೆಯೂ ಓಡದೆ ಡಬ್ಬಿಯಲ್ಲೇ ಮಲಗಿದ ಎಂಜಿನ್ನೇ ಸರ್ವಶ್ರೇಷ್ಠ. ಆಡದೇ ಇದ್ದರಷ್ಟೇ ಬೆಲೆ ಬಾಳುವ ಆಟಿಕೆ! ಬ್ಯಾಸೆಟ್-ಲೋಕ್‌ನ 1931ರ 'ಎಂಟರ್‌ಪ್ರೈಸ್' ಎಂಜಿನ್ನೊಂದರ ಪಕ್ಕೆಯಲ್ಲಿ ಕಾಸಿನಗಲ ಕರಕಲು ಕಲೆ ಇದೆ. ಅದನ್ನು ತೋರಿಸುತ್ತ, ಮೊದಲು ಆ ಎಂಜಿನ್ನನ್ನು ಓಡಿಸಿರಬಹುದಾದ ಯಾವನೋ ಹುಡುಗನಿಗೆ ಇಂದಿಗೂ ಶಾಪ ಹಾಕುತ್ತಾರೆ.

ಬಿಸಿಲು ಬಿದ್ದ ಭಾನುವಾರ ಮಾತ್ರ ಕೈ ತಡೆಯುವುದಿಲ್ಲ. ಹಿತ್ತಲಲ್ಲಿ 32 ಮಿಲಿಮೀಟರ್ ಅಗಲದ ಹಳಿ ಜೋಡಿಸಿ, ಅದೇ 'ಎಂಟರ್‌ಪ್ರೈಸ್'ನ ಬಾಯ್ಲರಿಗೆ ಮಳೆನೀರು ಸೋಸಿ ಹಾಕುತ್ತಾರೆ. ನಲ್ಲಿಯ ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ. ಸಿಲಿಂಡರಿಗೆ ಮಂದವಾದ ಎಣ್ಣೆ ಬಿಟ್ಟು ಬತ್ತಿ ಹೊತ್ತಿಸುತ್ತಾರೆ. ಸ್ಪಿರಿಟ್ಟಿನ ಜ್ವಾಲೆ ಬಿಸಿಲಿನಲ್ಲಿ ಕಾಣದು. ಹತ್ತಿತೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಹುಬ್ಬು ಹೋದದ್ದು ಹೀಗೆಯೇ. ಆವಿ ಕೂಡಿದ ಮೇಲೆ ಕೈಯಿಂದ ತುಸು ತಳ್ಳಿದರೆ ಎಂಜಿನ್ನು ಮೊದಲು ಬಿಸಿನೀರು ಉಗುಳುತ್ತದೆ, ಆಮೇಲೆ ಓಟ ಕೀಳುತ್ತದೆ. ವೇಗ ತಗ್ಗಿಸಬೇಕೆಂದರೆ ಹಿಂದೆ ಡಬ್ಬಿಗಳ ಭಾರ ಕಟ್ಟಬೇಕು. ಆತುರದಲ್ಲಿ ದೊರೆ ಕಟ್ಟಿರುವುದಿಲ್ಲ.

ತಿರುವಿನಲ್ಲಿ ಎಂಜಿನ್ನು ಹಳಿ ಬಿಟ್ಟು ಗುಲಾಬಿ ಪಾತಿಗೆ ಮಗುಚುತ್ತದೆ. ಹುಲ್ಲಿಗೆ ಬೆಂಕಿ. ಮಡದಿ ನೀರಿನ ಕ್ಯಾನು ಹಿಡಿದು ಓಡಿಬಂದರೆ, "ಬಣ್ಣ, ಬಣ್ಣ!" ಎಂದು ಅಡ್ಡ ನಿಲ್ಲುತ್ತಾರೆ.

ಮುಂದಿನ ವಾರ ಬಂದ ಗೆಳೆಯ, ಕರಕಲು ಕಲೆ ಅಂಗೈ ಅಗಲವಾಗಿದೆಯಲ್ಲ ಎನ್ನುತ್ತಾನೆ. ದೊರೆ ನಿಟ್ಟುಸಿರು ಬಿಟ್ಟು, 1931ರ ಆ ಹುಡುಗನಿಗೆ ಇನ್ನೂ ನಾಲ್ಕು ಮಾತು ಸೇರಿಸಿ ಬೈಯುತ್ತಾರೆ.