ವೀಣೆ: ಕ್ರಯವೋ, ಬಾಡಿಗೆಯೋ?

ವಿಜಯದಶಮಿಯಂದು ಮಗಳಿಗೆ ವೀಣಾಪಾಠವನ್ನು ಆರಂಭಿಸತಕ್ಕದ್ದೆಂದು ಮನೆಯ ಹಿರಿಯರು ನಿಶ್ಚಯಿಸಿದೊಡನೆ, ಕಲಿಯುವವಳ ಶ್ರದ್ಧೆಗಿಂತ ಮೊದಲು ತಂದೆಯ ಹಣದ ಚೀಲವೇ ಪರೀಕ್ಷೆಗೆ ಗುರಿಯಾಗುವುದು ಲೋಕರೂಢಿ. ಹಲಸಿನ ಮರದ ಕೊಡ, 24 ಮೆಟ್ಟಿಲು, 7 ತಂತಿ, ತುದಿಯಲ್ಲೊಂದು ಯಾಳಿಯ ಮುಖ, ಇಷ್ಟನ್ನು ಕೊಂಡು ತಂದ ಮಾತ್ರಕ್ಕೆ ಸಂಗೀತವೂ ಜೊತೆಗೇ ಗೃಹಪ್ರವೇಶ ಮಾಡಿತೆಂದು ನಂಬುವ ಆ ಮಹಾನುಭಾವನಿಗೆ, ಸರಳೆ ವರಸೆ ಮುಗಿದು ಜಂಟಿ ವರಸೆ ಹಿಡಿಯುವ ಮುನ್ನವೇ ಮಗಳು “ಅಪ್ಪಾ, ಬೆರಳು ಉರಿಯುತ್ತೆ, ನನ್ನನ್ನು ಭರತನಾಟ್ಯಕ್ಕೆ ಸೇರಿಸಿಬಿಡು” ಎಂದಾಗ ಆಗುವ ಜ್ಞಾನೋದಯವು ವೇದಾಂತಶ್ರವಣದಿಂದಲೂ ದುರ್ಲಭ. ಆಮೇಲೆ ಆ ವೀಣೆಯು ಗವಸು ಹೊದ್ದು ಮಲಗಿ, ನವರಾತ್ರಿಯ ಸರಸ್ವತೀಪೂಜೆಗೆ ಮಾತ್ರ ಎದ್ದು ಕುಂಕುಮ ಸ್ವೀಕರಿಸುತ್ತದೆ.

ಬಾಡಿಗೆಯ ವೀಣೆಯದು ಬೇರೆಯೇ ಪ್ರಕೃತಿ. ಪೂರ್ವಶಿಷ್ಯರ ಸಾಧನೆಯೆಲ್ಲ ಅದರ ಮೆಟ್ಟಿಲುಗಳ ಮೇಲೆ ಗೀರುಗಳಾಗಿ ಲಿಖಿತವಾಗಿರುತ್ತದೆ. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ, ಮೆಟ್ಟಿಲು ಕದಲಿ, ಗಾಂಧಾರವು ತನ್ನ ಸ್ಥಾನ ಬಿಟ್ಟು ಸರಿದಾಗ ರಿಪೇರಿಯ ಖರ್ಚು ಯಾರದೆಂಬ ವ್ಯಾಜ್ಯವೂ ಉದ್ಭವಿಸುತ್ತದೆ. ಆದರೂ ಅದರಿಂದೊಂದು ಮಹೋಪಕಾರವುಂಟು: ಅಪಸ್ವರದ ಅಪರಾಧವನ್ನು ನಿಸ್ಸಂಕೋಚವಾಗಿ ವಾದ್ಯದ ಮೇಲೆ ಹೊರಿಸಬಹುದು, ಸ್ವಂತ ವೀಣೆಯಲ್ಲಿ ಆ ಸೌಲಭ್ಯವಿಲ್ಲ.

ಆದುದರಿಂದ ಗೀತೆಗಳನ್ನು ದಾಟಿ ವರ್ಣಕ್ಕೆ ಬರುವ ತನಕ ಬಾಡಿಗೆ, ಆಮೇಲೂ ಮಗು ಯಾರೂ ಹೇಳದೆ ತಾನಾಗಿಯೇ ಬೆರಳಿಗೆ ಎಣ್ಣೆ ಸವರಿಕೊಂಡು ಕುಳಿತರೆ ಕ್ರಯ, ಎಂಬುದೇ ವಿವೇಕಿಗಳ ಮಾರ್ಗ. ಈ ವಿಷಯದಲ್ಲಿ ನೆರೆಮನೆಯವರ ಅಭಿಪ್ರಾಯವನ್ನು ಮಾತ್ರ ಕೇಳಕೂಡದು. ಅವರು ಎರಡಕ್ಕೂ ವಿರೋಧಿಗಳು.