ಭವಿಷ್ಯರಾಯರು

ಗ್ರೇಟರ್ ನೋಯ್ಡಾ ವೆಸ್ಟಿನ ಯಾವ ಸೊಸೈಟಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನಮ್ಮಲ್ಲಿರುವವರು ದಾವಣಗೆರೆ ಕಡೆಯವರು, ಸಾಫ್ಟ್‌ವೇರ್ ಕೆಲಸ, ಹದಿನೇಳನೇ ಮಹಡಿಯಲ್ಲಿ ವಾಸ. ಬಾಯಿ ತೆರೆದರೆ ‘ಇನ್ಮುಂದೆ ನೋಡಿ ಸ್ವಾಮಿ’ ಎಂದೇ ಶುರು ಮಾಡುವುದರಿಂದ ಇಲ್ಲಿನ ನಾಲ್ಕು ಮನೆ ಕನ್ನಡಿಗರು ಅವರನ್ನು ಭವಿಷ್ಯರಾಯರು ಎನ್ನುತ್ತೇವೆ. ಆನ್‌ಲೈನ್ ರಮ್ಮಿ, ಫ್ಯಾಂಟಸಿ ಕ್ರಿಕೆಟ್ಟು, ವಿಮಾನ ಹಾರಿಹೋಗುವ ಮೊದಲೇ ದುಡ್ಡು ತೆಗೆದುಕೊಳ್ಳಬೇಕಾದ ಆಟ, ಎಲ್ಲವನ್ನೂ ಬಲ್ಲರು. ‘ಜೂಜು’ ಎಂದಿರೋ, ಕೆಟ್ಟಿರಿ.

‘ಜೂಜು ಅಂದ್ರೆ ಓಸಿ. ಕನಸಲ್ಲಿ ಹಾವು ಬಂತು ಅಂತ ನಂಬರ್ ಬರೆಸೋದು. ಇದು ಸ್ಕಿಲ್ಲು!’

ರಮ್ಮಿಯಲ್ಲಿ ಜಾಣ್ಮೆಯದೇ ಮೇಲುಗೈ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ. ಕುದುರೆ ರೇಸಿಗೂ ಆ ಮರ್ಯಾದೆ ಸಿಕ್ಕಿದ್ದು 1996ರಲ್ಲಿ. ಮಗಳು ಯಾವ ಕ್ಲಾಸು ಎಂದರೆ ತಡವರಿಸುವ ರಾಯರು ಈ ಎರಡು ಇಸವಿಗಳನ್ನು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಗೆದ್ದ ದಿನ ಸ್ಕಿಲ್ಲು ಅವರದು. ಸೋತ ದಿನ ಲಿಫ್ಟಿನಲ್ಲಿ ನೆಟ್‌ವರ್ಕ್ ಹೋಗಿರುತ್ತದೆ, ಇಲ್ಲವೇ ಕರೆಂಟು ಹೋಗಿ ಜನರೇಟರು ಹಿಡಿಯುವ ಆ ಅರೆಗಳಿಗೆಯಲ್ಲೇ ಎದುರಾಳಿ ಎಲೆ ಇಳಿಸಿರುತ್ತಾನೆ.

2023ರ ಏಪ್ರಿಲ್‌ನಿಂದ ಗೆದ್ದ ಹಣಕ್ಕೆ ಶೇ. 30 ಟಿಡಿಎಸ್ ಹಿಡಿದರು. ಅಕ್ಟೋಬರ್‌ನಿಂದ, ಕಟ್ಟಿದ ಹಣಕ್ಕೇ ಶೇ. 28 ಜಿಎಸ್‌ಟಿ. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ರಾಯರು ಸಿಹಿ ಹಂಚಿದರು: ‘ತೆರಿಗೆ ಹಾಕಿದ್ರು ಅಂದ್ರೆ ಸರ್ಕಾರ ಒಪ್ಕೊಂಡ ಹಾಗೇ!’

ಮುಂದಿನ ಕಾಲದ ಆಟದ ಬಗ್ಗೆ ಅವರ ಉಪನ್ಯಾಸವನ್ನು ಕೇಳಬೇಕು. ಕನ್ನಡಕ ಹಾಕಿಕೊಂಡರೆ ಸಾಕಂತೆ, ಹದಿನೇಳನೇ ಮಹಡಿಯೇ ಕ್ಯಾಸಿನೊ. ಬ್ಲಾಕ್‌ಚೈನ್ ಬಂದ ಮೇಲಂತೂ ಮೋಸವೆಂಬುದೇ ಇಲ್ಲ. ಆಟ ಶುರುವಾಗುವ ಮೊದಲೇ ಫಲಿತಾಂಶವನ್ನು ಗುಪ್ತಲಿಪಿಯಲ್ಲಿ ಮುದ್ರೆಯೊತ್ತಿ ಕೊಟ್ಟಿರುತ್ತಾರೆ, ಮುಗಿದ ಮೇಲೆ ನಾವೇ ತಾಳೆ ನೋಡಬಹುದು.

‘ಅಂದ್ರೆ ಸೋಲೋದಿಲ್ವಾ?’ ಎಂದೆ.

‘ಸೋಲ್ತೀವಿ. ಆದ್ರೆ ನ್ಯಾಯವಾಗೇ ಸೋತಿದ್ದೀವಿ ಅಂತ ಗಣಿತದಲ್ಲೇ ಗೊತ್ತಾಗುತ್ತೆ!’

ಆಟ ಆಡಿಸುವವನ ಪಾಲು ಲೆಕ್ಕದೊಳಗೇ ಕೂತಿರುತ್ತದೆ, ಅದನ್ನು ಯಾವ ಗುಪ್ತಲಿಪಿಯೂ ಕದಲಿಸುವುದಿಲ್ಲ ಎಂದರೆ, ನನಗೆ ಟೆಕ್ನಾಲಜಿ ಅರ್ಥವಾಗುವುದಿಲ್ಲ ಎಂದು ಮರುಕಪಡುತ್ತಾರೆ. ಕೃತಕ ಬುದ್ಧಿಮತ್ತೆ ತಮ್ಮ ಆಟದ ಶೈಲಿಯನ್ನು ಅಭ್ಯಾಸ ಮಾಡುತ್ತಿದೆ ಎಂಬ ಹೆಮ್ಮೆ ಬೇರೆ. ಮಾಡುತ್ತಿರಲೂಬಹುದು; ಸೋತು ಎದ್ದು ಹೋಗುವ ಹೊತ್ತಿಗೆ ಸರಿಯಾಗಿ ‘ನಿಮಗಾಗಿ ಬೋನಸ್’ ಎಂಬ ಸಂದೇಶ ಸುಮ್ಮನೆ ಬರುವುದಿಲ್ಲ.

ಈ ಕಡೆ ದೀಪಾವಳಿ ರಾತ್ರಿ ಇಸ್ಪೀಟು ಆಡದ ಮನೆ ಹುಡುಕಬೇಕು. ಕ್ಲಬ್‌ಹೌಸಿನಲ್ಲಿ ಹೆಂಗಸರೆಲ್ಲ ತೀನ್ ಪತ್ತಿಗೆ ಕೂತಾಗ ರಾಯರು ಮಾತ್ರ ದೂರ ನಿಲ್ಲುತ್ತಾರೆ. ಕೈಯಲ್ಲಿ ಕಲಸಿದ ಎಲೆ, ಯಾರ ಸರ್ಟಿಫಿಕೇಟೂ ಇಲ್ಲ! ‘ಧರ್ಮರಾಯ ಕೆಟ್ಟಿದ್ದೇ ಇಲ್ಲಿ. ದಾಳಕ್ಕೆ ಸರ್ಟಿಫಿಕೇಟ್ ಕೇಳ್ಲಿಲ್ಲ’ ಎಂದರು ಒಮ್ಮೆ. ಹಸ್ತಿನಾಪುರ ಇಲ್ಲೇ ಮೀರತ್‌ನ ಆಚೆಗಿದೆ, ದ್ರೋಣರ ಊರೆನ್ನುವ ದನಕೌರ್ ಇನ್ನೂ ಹತ್ತಿರ; ಹೀಗಾಗಿ ಮಹಾಭಾರತ ಅವರಿಗೆ ಸ್ಥಳೀಯ ಸುದ್ದಿ. ಪಕ್ಕದಲ್ಲಿ ಎಲೆ ಹಂಚುತ್ತಿದ್ದ ಅವರ ಮನೆಯವರು ತಲೆಯೆತ್ತದೆ ಹೇಳಿದರು: ‘ಕೇಳಿದ್ರೆ ಶಕುನಿನೇ ಬರ್ಕೊಡ್ತಿದ್ದ.’

2025ರ ಆಗಸ್ಟ್ 21ರಂದು ಸಂಸತ್ತು ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಅಂಗೀಕರಿಸಿತು, ಮರುದಿನ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸ್ಕಿಲ್ಲೋ ಅದೃಷ್ಟವೋ, ದುಡ್ಡು ಕಟ್ಟಿ ಆಡುವುದೆಲ್ಲ ಬಂದ್. ಟೀಮ್ ಇಂಡಿಯಾದ ಜೆರ್ಸಿ ಮೇಲಿದ್ದ ಡ್ರೀಮ್11 ಹೆಸರೂ ಇಳಿಯಿತು. ರಾಯರ ಮುಖ ಸಣ್ಣಗಾಗಿದ್ದು ದುಡ್ಡಿಗಾಗಿ ಅಲ್ಲ. ಆಡಿಸಿದವನಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಆಡಿದವನಿಗೆ ಏನೂ ಇಲ್ಲ. ಅವನು ಬಲಿಪಶುವಂತೆ.

‘ನಾನು ಬಲಿಪಶುವಾ?’ ವಾಕಿಂಗ್ ಹಾದಿಯಲ್ಲಿ ನನ್ನ ತೋಳು ಹಿಡಿದು ಕೇಳಿದರು. ‘ಬೇಕಾದ್ರೆ ದಂಡ ಹಾಕ್ಲಿ ಸ್ವಾಮಿ, ಕಟ್ತೀನಿ. ಎಂಟು ವರ್ಷದ ಎಕ್ಸ್‌ಪೀರಿಯನ್ಸು ನಂದು!’

ವಿದೇಶಿ ಆ್ಯಪು, ಕ್ರಿಪ್ಟೊ ಎಂದು ಒಂದು ವಾರ ಗೊಣಗಿದರು. ಮನೆಯವರು ಯುಪಿಐ ಪಿನ್ ಬದಲಿಸಿ, ದಿನಕ್ಕೆ ನೂರು ರೂಪಾಯಿ ಹಾಕುವ ಬೇರೊಂದು ಖಾತೆ ಕೊಟ್ಟರು. ಅದರ ಮೆಸೇಜು ಮನೆಯವರ ಫೋನಿಗೇ.

ನವೆಂಬರ್ ಬಂತು, ಹೊಗೆಯೂ ಬಂತು, ರಾಯರಿಗೆ ಜೀವ ಬಂತು. ಈಗಿನ ಪಣ ಗಾಳಿಯ ಎಕ್ಯೂಐ. ನಾಲೆಡ್ಜ್ ಪಾರ್ಕ್ 3ರ ಮಾಪಕ ಮೇಲೋ, ನಾಲೆಡ್ಜ್ ಪಾರ್ಕ್ 5ರದ್ದೋ? ಇವತ್ತು 400 ದಾಟುತ್ತೋ ಇಲ್ಲವೋ? ಸೋತವರು ಗೇಟಿನಾಚೆಯ ಗಾಡಿಯಲ್ಲಿ ಎಲ್ಲರಿಗೂ ಕುಲ್ಹಡ್ ಚಹಾ ಕುಡಿಸಬೇಕು. ಪಂಜಾಬಿನಲ್ಲಿ ಕೂಳೆ ಸುಟ್ಟದ್ದು, ಗಾಳಿ ಬೀಸುವ ದಿಕ್ಕು, ಹಿಂದಿನ ರಾತ್ರಿಯ ಮದುವೆ ದಿಬ್ಬಣದ ಪಟಾಕಿ, ಎಲ್ಲವನ್ನೂ ಎಕ್ಸೆಲ್ ಶೀಟಿನಲ್ಲಿ ತುಂಬಿಸಿ ಎಐಗೆ ಕೇಳಿ ಬರುತ್ತಾರೆ. ‘ಇದು ಪ್ಯೂರ್ ಸ್ಕಿಲ್ಲು’ ಎನ್ನುತ್ತ ಮಾಸ್ಕ್ ಕೆಳಗಿಳಿಸಿ ಕೆಮ್ಮುತ್ತಾರೆ.

ಎದುರಾಳಿ ನಮ್ಮ ಗೇಟಿನ ಸೆಕ್ಯುರಿಟಿ ಭಯ್ಯಾ. ಎದುರಿನ ಟವರಿನ ಕೊನೆಯ ಮಹಡಿ ಕಾಣದಿದ್ದರೆ ‘ದಾಟುತ್ತೆ’ ಎನ್ನುತ್ತಾನೆ, ಕಂಡರೆ ‘ಇಲ್ಲ’ ಎನ್ನುತ್ತಾನೆ. ಮೊನ್ನೆ ರಾಯರು ಗಾಡಿಯವನ ಕ್ಯೂಆರ್‌ಗೆ ಫೋನು ಹಿಡಿದು ದುಡ್ಡು ಹಾಕಿ, ಕುಲ್ಹಡ್ ಇನ್ನೂ ತುಟಿಗೆ ತಂದಿರಲಿಲ್ಲ, ಹದಿನೇಳನೇ ಮಹಡಿಯಿಂದ ಫೋನ್ ಬಂತು:

‘ಇವತ್ತೂ ಆ ಹುಡುಗನೇ ಗೆದ್ನಾ?’